ಕಸದ ಗುಡ್ಡ ನಿಂತಿರುವುದು ಯಾವ ಬಲದ ಮೇಲೆ?

2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ, ತಗ್ಗಿನಲ್ಲಿದ್ದ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿತು. ಎಷ್ಟೋ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಇಂಥದ್ದು ನಡೆದಾಗಲೆಲ್ಲ ಮಳೆಯನ್ನು ದೂರುವುದು ರೂಢಿ. ಆದರೆ ಕಸಕ್ಕೂ ಮಣ್ಣಿನಂತೆ ತನ್ನದೇ ಆದ ತಾಳಿಕೆಯ ಬಲವಿದೆ, ಆ ಬಲಕ್ಕೊಂದು ಮಿತಿಯೂ ಇದೆ. ಅದನ್ನು ಅರಿಯದೆ ರಾಶಿಯನ್ನು ಏರಿಸುತ್ತ ಹೋದರೆ, ಕುಸಿತಕ್ಕೆ ಮಳೆ ಕೊನೆಯ ನೆಪವಷ್ಟೇ ಆಗುತ್ತದೆ.

ನಿಜ ಹೇಳಬೇಕೆಂದರೆ ಮನೆಗಳ ಕಸ ನಾವು ಎಣಿಸಿದ್ದಕ್ಕಿಂತ ಗಟ್ಟಿ. ಜೆಸಿಬಿಯಿಂದ ಕಡಿದ ಹಳೆಯ ಕಸದ ಗೋಡೆ ಹಲವು ಮೀಟರ್ ಎತ್ತರಕ್ಕೆ ನೆಟ್ಟಗೆ ನಿಲ್ಲುವುದುಂಟು. ಪ್ರಯೋಗಾಲಯದಲ್ಲಿ ಮೇಲಿನಿಂದ ಒತ್ತಿದಾಗ ಮಣ್ಣಿನ ಮಾದರಿ ಒಂದು ಹಂತಕ್ಕೆ ಬಂದು ಸೋಲುತ್ತದೆ. ಕಸದ ಮಾದರಿಯಾದರೋ ಕುಗ್ಗುತ್ತ ಹೋದಷ್ಟೂ ಇನ್ನಷ್ಟು ಪ್ರತಿರೋಧ ತೋರುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಪ್ಲಾಸ್ಟಿಕ್ ಚೀಲ, ಬಟ್ಟೆ, ಹಗ್ಗಗಳು ಅದನ್ನು ಒಳಗಿನಿಂದ ಹಿಡಿದಿರುತ್ತವೆ. ಆದರೆ ಬುಲ್ಡೋಜರ್ ಹರಡಿ ತುಳಿದ ಮೇಲೆ ಈ ಎಳೆಗಳೆಲ್ಲ ಅಡ್ಡಡ್ಡ ಮಲಗಿಬಿಡುತ್ತವೆ. ಅವನ್ನು ಕತ್ತರಿಸಿಕೊಂಡು ಜಾರುವುದು ಕಷ್ಟ, ಅವುಗಳ ನಡುವಿನ ಪದರದಗುಂಟ ಜಾರುವುದು ಸುಲಭ. ಹಾಗಾಗಿ ನೆಟ್ಟಗೆ ನಿಂತ ಗೋಡೆಯನ್ನು ನೋಡಿ ಇಡೀ ಗುಡ್ಡ ಭದ್ರ ಎಂದುಕೊಳ್ಳುವುದು ಅಪಾಯ.

ಪದರದ ಮೇಲೆ ಪದರ ಜಾರದಂತೆ ತಡೆಯುವುದು ಮುಖ್ಯವಾಗಿ ಘರ್ಷಣೆ. ಮೇಲಿನ ಭಾರ ಕೆಳಗಿನದನ್ನು ಒತ್ತಿ ಹಿಡಿದಷ್ಟೂ ಘರ್ಷಣೆ ಹೆಚ್ಚು. ಸಂದುಗಳಲ್ಲಿ ನೀರು ತುಂಬಿತೆಂದರೆ ಭಾರದ ಒಂದು ಪಾಲನ್ನು ಆ ನೀರೇ ಹೊರುತ್ತದೆ, ಹಿಡಿತ ಸಡಿಲಾಗುತ್ತದೆ. ಕೊಳೆತದಿಂದ ಹುಟ್ಟಿ ಹೊರಹೋಗಲಾರದ ಅನಿಲವೂ ಇದೇ ಕೆಲಸ ಮಾಡುತ್ತದೆ. 2005ರ ಫೆಬ್ರವರಿ 21ರಂದು ಇಂಡೋನೇಷ್ಯಾದ ಬಾಂಡುಂಗ್ ಬಳಿಯ ಲ್ಯೂವಿಗಾಜಾದಲ್ಲಿ, ಜೋರು ಮಳೆಯ ಬೆನ್ನಲ್ಲೇ ಸುಮಾರು 27 ಲಕ್ಷ ಘನ ಮೀಟರ್ ಕಸ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತಳದ ನೀರಿನ ಒತ್ತಡದ ಜೊತೆಗೆ, ಒಳಗೇ ಹೊಗೆಯಾಡುತ್ತಿದ್ದ ಬೆಂಕಿ ಪ್ಲಾಸ್ಟಿಕ್ ಎಳೆಗಳನ್ನು ಸುಟ್ಟು ಬಲ ಕುಂದಿಸಿತ್ತೆಂದು ತನಿಖೆ ನಡೆಸಿದ ಎಂಜಿನಿಯರುಗಳು ಕಂಡುಕೊಂಡರು. ನಮ್ಮ ನಗರಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಹಸಿ ಕಸವೇ. ಮಳೆ ಬರುವ ಮೊದಲೇ ನೀರು ರಾಶಿಯೊಳಗೆ ಸೇರಿರುತ್ತದೆ.

ವರ್ಷ ಕಳೆದಂತೆ ಕಸ ತಾನಾಗಿ ಕುಗ್ಗಿ ಗಟ್ಟಿಯಾಗುತ್ತದಲ್ಲ ಎಂದು ಕೇಳಬಹುದು. ಕುಗ್ಗುತ್ತದೆ, ನಿಜ, ಭಾರಕ್ಕೂ ಕೊಳೆತಕ್ಕೂ ಸಿಕ್ಕಿ ದಶಕಗಳಲ್ಲಿ ಎತ್ತರದ ಕಾಲು ಭಾಗಕ್ಕಿಂತ ಹೆಚ್ಚೂ ಇಳಿಯಬಹುದು. ಆದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇಳಿದು ಮೇಲ್ಮೈ ಬಿರಿಯುತ್ತದೆ, ಚರಂಡಿ ಕೊಳವೆಗಳು ಮುರಿಯುತ್ತವೆ, ಬಿರುಕುಗಳಲ್ಲಿ ಮಳೆನೀರು ಇಳಿಯುತ್ತದೆ. ಒತ್ತಿ ಬಿಗಿಯಾದ ತಳದ ಕಸವೋ ಆ ನೀರನ್ನು ಹೊರಬಿಡುವುದಿಲ್ಲ. ಜೇಡಿಮಣ್ಣು ಹೊದಿಸಿದರೆ ಸಾಲದೇ ಎಂಬ ಮಾತೂ ಇದೆ. ಕೊನೆಯ ಹೊದಿಕೆಯಾಗಿ ಅದು ಒಳ್ಳೆಯದೇ. ನಡುನಡುವೆ ಹಾಕಿದ ಜೇಡಿ ಮಾತ್ರ ನೀರನ್ನು ಅಲ್ಲಲ್ಲೇ ಹಿಡಿದಿಡುತ್ತದೆ. ಹಳೆಯ ಕಸವನ್ನು ಅಗೆದು ಬೇರ್ಪಡಿಸುವ ಬಯೋಮೈನಿಂಗ್ ಸರಿಯಾದ ದಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬುಡದಿಂದ ಕಡಿಯುತ್ತ ಹೋದರೆ ಗುಡ್ಡದ ಆಸರೆಯೇ ಹೋಗುತ್ತದೆ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಮಳೆಗಾಲಕ್ಕೆ ಮುನ್ನ ಪ್ರತಿ ಕಸದ ಗುಡ್ಡದಲ್ಲೂ ಕೊಳವೆ ಇಳಿಸಿ ಒಳಗಿನ ನೀರಿನ ಮಟ್ಟ ಅಳೆಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಆ ಅಳತೆಯನ್ನು ಗುಡ್ಡದ ಕೆಳಗೆ ವಾಸಿಸುವವರಿಗೆ ತಿಳಿಸುವುದನ್ನು ನಗರಪಾಲಿಕೆಗಳು ಈ ವರ್ಷದಿಂದಲೇ ಕಡ್ಡಾಯ ಮಾಡಿಕೊಳ್ಳಲಿ.