ಸೆರಗಿನಲ್ಲಿ ಜೋಳದ ತೆನೆ

ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯ ನೂಲಿನ ಕಸುಬುಗಳು ತಮಗೆ ಬೇಕಾದ ಬಣ್ಣ, ಬರಿ, ಚಿತ್ತಾರಗಳನ್ನು ಹೊಲ, ಅಂಗಳ, ಗುಡಿ, ಅಡುಗೆಮನೆಗಳಿಂದಲೇ ಆರಿಸಿಕೊಂಡಿವೆ. ಗೋಕಾಕ ತಾಲ್ಲೂಕಿನ ಮೇಲವಂಕಿಯಂಥ ಊರುಗಳ ಹಳೆಯ ಟ್ರಂಕುಗಳಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕೌದಿ, ಕರಿಯ ಕಂಬಳಿ ಒಟ್ಟಿಗೇ ಇರುತ್ತವೆ. ಆದರೆ ಕಣ್ಣಿಗೆ ಕಂಡದ್ದೆಲ್ಲ ಬಟ್ಟೆಗೆ ಇಳಿದಿಲ್ಲ. ಹಾಸು-ಹೊಕ್ಕಿನ ಎಣಿಕೆಗೆ ಒಗ್ಗಿದ್ದಷ್ಟೇ ಇಳಿದಿದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಟೋಪತೆನಿ ಎಂಬ ಆ ಕೆಂಪು-ಬಿಳಿಯ ಸೆರಗಿನಲ್ಲಿ ಬಣ್ಣಗಳು ಹಲ್ಲುಹಲ್ಲಾಗಿ ಒಂದರೊಳಗೊಂದು ನುಗ್ಗುತ್ತವೆ. ಹಲ್ಲುಗಳ ಆಕಾರ ನೋಡಿ ಹಣಿಗೆ, ಕೋಟೆಯ ಗೋಡೆ, ಜೋಳದ ತೆನೆ, ಗುಡ್ಡದ ಸಾಲು ಎಂದು ವಿಂಗಡಿಸುವುದು ರೂಢಿ. ಬಣ್ಣಗಳೂ ಕಂಡ ವಸ್ತುಗಳಿಂದಲೇ ಗುರುತಾಗುತ್ತವೆ: ದಾಳಿಂಬೆ ಕೆಂಪು, ಗಿಳಿಹಸಿರು, ನವಿಲುಹಸಿರು. ಮದುವಣಗಿತ್ತಿಗೆ ಗಿರಿಕುಂಕುಮ. ಅಂಗಡಿಯ ಬಣ್ಣದ ಪಟ್ಟಿಯಲ್ಲಿರುವ ನಂಬರುಗಳಿಗಿಂತ ಈ ಹೆಸರುಗಳೇ ಹೆಚ್ಚು ಖಚಿತ ಎನ್ನಬೇಕು. ದಾಳಿಂಬೆ ಕಾಳನ್ನು ನೋಡದವರು ಈ ಕಡೆ ಯಾರಿದ್ದಾರೆ?

ಎಣಿಕೆಯ ಕಟ್ಟು ಎಲ್ಲಕ್ಕಿಂತ ಬಿಗಿಯಾಗಿರುವುದು ಧಾರವಾಡ ಸೀಮೆಯ ಕಸೂತಿಯಲ್ಲಿ. ಇಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಸೂಜಿ ಮುಂದೆ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಿಡಿದು ಕೊನೆ ಮುಟ್ಟುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತದೆ. ದಾರಕ್ಕೆ ಗಂಟಿಲ್ಲ, ಬಟ್ಟೆಯ ಎರಡೂ ಬದಿ ಒಂದೇ. ಉಳಿದ ಹೊಲಿಗೆಗಳಲ್ಲಿ ಮುರಗಿ ಮೆಟ್ಟಿಲುಮೆಟ್ಟಿಲಾಗಿ ಸಾಗುತ್ತದೆ, ನೇಗಿ ನೇಯ್ದಂತೆ ಕಾಣುತ್ತದೆ, ಮೆಂತಿ ಕತ್ತರಿಗೆರೆಗಳಿಂದ ಖಾಲಿ ಜಾಗ ತುಂಬುತ್ತದೆ. ಎಳೆ ಎಣಿಸುವ ಸೂಜಿ ಅಡ್ಡ, ಉದ್ದ, ಓರೆ ಬಲ್ಲದು; ದುಂಡಗೆ ತಿರುಗಲಾರದು. ಹೀಗಾಗಿ ಆನೆಯ ಹೊಟ್ಟೆಗೂ ನವಿಲಿನ ಕೊರಳಿಗೂ ಮೂಲೆಗಳು ಮೂಡಿವೆ. ಗುಡಿಯ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಪಲ್ಲಕ್ಕಿಗಳು ಹುಟ್ಟಿನಿಂದಲೇ ಮೂಲೆಯುಳ್ಳವು. ಕಸೂತಿಯಲ್ಲಿ ಅವು ಹೆಚ್ಚು ಸಲೀಸಾಗಿ ಕೂತದ್ದು ಸಹಜ. ದೊಡ್ಡ ಚಿತ್ತಾರಗಳಿಗೆ ಸೆರಗಿನ ಹತ್ತಿರ ಜಾಗ. ಕೆಳಗಿಳಿದಂತೆ ಅವು ಸಣ್ಣವಾಗುತ್ತವೆ. ಕಸೂತಿ ಹಾಕುವ ಚಂದ್ರಕಾಳಿ ಸೀರೆಯ ನೆಲ ಮಳೆಯಲ್ಲಿ ನೆನೆದ ಎರೆಭೂಮಿಯಂತೆ ಕಪ್ಪು. ಕೆಂಪು, ಕಿತ್ತಳೆ, ನೇರಳೆ, ಹಸಿರು ದಾರಗಳು ಮತ್ತೆಲ್ಲೂ ಅಷ್ಟು ಎದ್ದು ಕಾಣವು. ಈಗ ಮಶಿನ್ ಕಸೂತಿಯೂ ಮಾರಾಟಕ್ಕಿದೆ. ಬಟ್ಟೆಯ ಬೆನ್ನು ತಿರುವಿ ನೋಡಿದರೆ ಕೈಯದು ಯಾವುದು ಎಂದು ಗೊತ್ತಾಗುತ್ತದೆ.

ಗುಳೇದಗುಡ್ಡದ ಖಣ ರವಿಕೆಯ ಬಟ್ಟೆ. ಕೂಸಿನ ಕುಂಚಿಗೆಗೂ ಅದೇ ಬೇಕು. ಜಾಗ ಕಿರಿದಾದ್ದರಿಂದ ಚಿತ್ತಾರವೂ ಕಿರಿದು: ಸೂಜಿಮಲ್ಲಿಗೆ, ಆನೆಹೆಜ್ಜೆ, ತೇರು, ಸೂರ್ಯನಾರಾಯಣ.

ಕೌದಿಯ ಲೆಕ್ಕ ಬೇರೆ. ಅಲ್ಲಿ ಬಣ್ಣ ಆರಿಸುವುದು ಹೊಲಿಯುವವಳಲ್ಲ, ಆ ಮನೆಯ ಹಳೆಯ ಅರಿವೆ. ಸವೆದ ಸೀರೆ, ಧೋತರ, ಅಂಗಿ, ಲಂಗಗಳು ಪದರಪದರವಾಗಿ ಕೂಡುತ್ತವೆ. ಮೇಲೆ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದಾರ ಓಡಿಸುತ್ತಾರೆ. ದಾರ ಬಿಗಿದಲ್ಲಿ ಬಟ್ಟೆ ತಗ್ಗಿ, ಎರಡು ಸಾಲಿನ ನಡುವೆ ಉಬ್ಬಿ, ಕೌದಿಯ ಮೈತುಂಬ ಉಳುಮೆ ಮಾಡಿದ ಹಾಗೆ ಬರಿಗಳು ಏಳುತ್ತವೆ. ಬೆರಳಾಡಿಸಿದರೆ ಈ ಬರಿಯ ಜತೆ ನೂಲಿನ ಸೀರೆಯ ಮೆದುವು, ಪಾಲಿಸ್ಟರಿನ ಜಾರು ಎಲ್ಲ ಸಿಗುತ್ತವೆ. ತುಂಡುಗಳನ್ನು ಹೊಂದಿಸುವುದರಲ್ಲೇ ಕೈಚಳಕ ಇರುವುದು: ಮಾಸಿದ ಎರಡರ ನಡುವೆ ಒಂದು ಕಡುಬಣ್ಣದ್ದು ಬಿದ್ದರೆ ಇಡೀ ಕೌದಿಗೆ ಕಳೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕವಂದಿ ಎಂಬ ಕೌದಿಯೂ ಅಂಚಿನಿಂದಲೇ ಶುರುವಾಗುತ್ತದೆ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ಫೂಲ ಕೂಡುವ ತನಕ ಅದು ಮುಗಿದಂತಲ್ಲ.

ಕಂಬಳಿಗೆ ಬಣ್ಣ ಹಾಕುವ ಕೆಲಸವೇ ಇಲ್ಲ. ದಖನಿ ಕುರಿಯ ಮೈಬಣ್ಣ ಕಪ್ಪೋ, ಕಂದೋ, ಬೂದಿಯೋ, ಅದೇ ಕಂಬಳಿಯ ಬಣ್ಣ. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನ ಗಿರಣಿ 19ನೇ ಶತಮಾನದ ಕೊನೆಯಿಂದಲೇ ಹತ್ತಿಯ ನೂಲು ತೆಗೆಯಿತು. ಕಂಬಳಿಯ ಉಣ್ಣೆ ಮಾತ್ರ ಕುರುಬರ ಮನೆಯ ರಾಟೆಯಲ್ಲೇ ಉಳಿಯಿತು. ಕೈನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹೊಸ ಕಂಬಳಿ ಚುಚ್ಚುತ್ತದೆ, ನಿಜ. ಆ ಒರಟುತನದಿಂದಲೇ ಕುರಿಗಾರನಿಗೆ ಮಳೆಯಲ್ಲಿ ಅದು ಗೊಪ್ಪೆ, ರಾತ್ರಿ ಹಾಸಿಗೆ.