ಕೃತಕ ಬುದ್ಧಿಮತ್ತೆಯ ಉಚ್ಚ ವ್ಯಾಸಂಗ ಮತ್ತು ನಮ್ಮ ಪದವೀಧರರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಪದವೀಧರರಿಗೆ ಕೊರತೆಯಿಲ್ಲ. ಪದವಿಗೆ ತಕ್ಕ ಉದ್ಯೋಗಕ್ಕೆ ಕೊರತೆಯುಂಟು. ಬಿ.ಎ. ಮುಗಿಸಿ ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರು, ಬಿ.ಕಾಂ. ಮುಗಿಸಿ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು, ಬಿ.ಎಸ್‌ಸಿ. ಮುಗಿಸಿ ತಂದೆಯ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕುವವರು ನಿತ್ಯವೂ ನಮ್ಮ ಕಣ್ಣಿಗೆ ಬೀಳುತ್ತಾರೆ. ಇವರಲ್ಲಿ ಹಲವರು ಈಗ ಒಂದೇ ಪ್ರಶ್ನೆಯನ್ನು ಕೇಳತೊಡಗಿದ್ದಾರೆ: ಬೇರೆ ವಿಷಯವನ್ನು ಓದಿ, ಮೂವತ್ತನ್ನು ದಾಟಿದವರು ಕೃತಕ ಬುದ್ಧಿಮತ್ತೆಯೆಂಬ ಈ ಹೊಸ ಶಾಸ್ತ್ರದಲ್ಲಿ ಉಚ್ಚ ವ್ಯಾಸಂಗ ಮಾಡಬಹುದೇ? ನಕ್ಕು ತಳ್ಳತಕ್ಕ ಪ್ರಶ್ನೆ ಇದಲ್ಲ. ಇದರ ಉತ್ತರವನ್ನು ನೆಚ್ಚಿ ಜಮೀನಿನ ಮೇಲೆ ಸಾಲವೆತ್ತಲು ಸಿದ್ಧವಾಗಿರುವ ಸಂಸಾರಗಳಿವೆ. ಆದುದರಿಂದ ಇದ್ದುದನ್ನು ಇದ್ದಂತೆ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲನೆಯದಾಗಿ, ಹಾದಿ ಮುಚ್ಚಿಲ್ಲ. ಈ ಶಾಸ್ತ್ರದ ಹಿರಿಯರಲ್ಲೊಬ್ಬರಾದ ಜೆಫ್ರಿ ಹಿಂಟನ್ ಅವರು 1970ರಲ್ಲಿ ಕೇಂಬ್ರಿಜ್ಜಿನಲ್ಲಿ ಪಡೆದದ್ದು ಮನಶ್ಶಾಸ್ತ್ರದ ಪದವಿ. ಬಳಿಕ ಕೆಲವು ಕಾಲ ಮಾಡಿದ್ದು ಬಡಗಿಯ ಕೆಲಸ. 2024ರಲ್ಲಿ ಅವರು ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಮ್ಮ ನಾಡಿನ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್ ಅವರ ಚರಿತ್ರೆ ಇನ್ನೂ ಬೋಧಪ್ರದವಾದುದು. ಗಣಿತದಲ್ಲಿ ಎಂ.ಎ. ಪಡೆದು, ಯುದ್ಧಕಾಲದಲ್ಲಿ ಸೈನ್ಯದ ಕೆಲಸವೊಂದನ್ನು ಅರಸಿ ಅವರು ಕಲ್ಕತ್ತೆಗೆ ಹೋದರು. ಕೆಲಸ ಸಿಕ್ಕಲಿಲ್ಲ. ಬರಿಗೈಯಲ್ಲಿ ಹಿಂದಿರುಗದೆ, ಆಗ ಹೊಸದಾಗಿದ್ದ ಸಂಖ್ಯಾಶಾಸ್ತ್ರವನ್ನು ಕಲಿಯಲು 1941ರಲ್ಲಿ ಅಲ್ಲಿನ ಸಂಸ್ಥೆಯನ್ನು ಸೇರಿದರು. ಇಂದು ಯಂತ್ರಗಳಿಗೆ ಕಲಿಸುವ ವಿದ್ಯೆಗೆ ಆಧಾರವಾಗಿರುವುದು ಆ ಸಂಖ್ಯಾಶಾಸ್ತ್ರವೇ.

ಇನ್ನು ಬಾಗಿಲುಗಳ ವಿಚಾರ. 2024ರಿಂದ ಗೇಟ್ ಪರೀಕ್ಷೆಯಲ್ಲಿ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪ್ರಶ್ನಪತ್ರಿಕೆಯಿದೆ. ಕಲೆ, ವಾಣಿಜ್ಯಗಳ ಪದವೀಧರರೂ ಗೇಟ್ ಬರೆಯಬಹುದು. ಆದರೆ ಪರೀಕ್ಷೆಗೆ ಕೂರುವುದು ಬೇರೆ, ಪ್ರವೇಶ ದೊರೆಯುವುದು ಬೇರೆ, ಎಂ.ಟೆಕ್.ಗೆ ಸಾಮಾನ್ಯವಾಗಿ ಇಂಜಿನಿಯರಿಂಗ್ ಪದವಿಯನ್ನೋ, ತತ್ಸಂಬಂಧವಾದ ಎಂ.ಎಸ್‌ಸಿ., ಎಂ.ಸಿ.ಎ.ಗಳನ್ನೋ ಕೇಳುತ್ತಾರೆ. ಗಣಿತವನ್ನು ಪಿ.ಯು.ಸಿ.ಯಲ್ಲಾದರೂ ಓದಿದ ಬಿ.ಎ., ಬಿ.ಕಾಂ. ಪದವೀಧರರಿಗೆ ಎರಡು ವರ್ಷದ ಎಂ.ಸಿ.ಎ. ತೆರೆದಿದೆ. ಅವರಿಗೆ ಅದೇ ಮೊದಲ ಮೆಟ್ಟಿಲು. ಮದರಾಸಿನ ಐ.ಐ.ಟಿ.ಯು 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಯನ್ನು ಮನೆಯಲ್ಲಿದ್ದೇ ಓದಬಹುದು. ಅದಕ್ಕೆ ವಯಸ್ಸಿನ ಕಟ್ಟಿಲ್ಲ. ನಾಲ್ಕು ವಾರದ ಪಾಠದ ಮೇಲೆ ನಡೆಯುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅಷ್ಟೆ.

ಎಲ್ಲ ಬಾಗಿಲುಗಳಿಗೂ ಹೊಸ್ತಿಲು ಒಂದೇ: ಗಣಿತ. ನಮ್ಮವರಿಗೆ ತಿಳಿದ ಉದಾಹರಣೆಯನ್ನೇ ಕೊಡೋಣ. ಹರಾಜಿನ ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲನ್ನು ಬಿಚ್ಚಿ, ಬಣ್ಣ, ಮಾಗು, ಗಿಡದಲ್ಲಿ ಎಲೆಯಿದ್ದ ಸ್ಥಾನ—ಇವನ್ನು ನೋಡಿ ದರ್ಜೆ ಕಟ್ಟುತ್ತಾರಷ್ಟೆ. ಇದನ್ನು ಯಂತ್ರಕ್ಕೆ ಕಲಿಸಬೇಕಾದರೆ ದರ್ಜೆ ಬರೆದ ಸಾವಿರಾರು ಎಲೆಗಳ ಚಿತ್ರಗಳನ್ನು ಅದಕ್ಕೆ ಕೊಡಬೇಕು. ಚಿತ್ರವು ಯಂತ್ರಕ್ಕೆ ಅಂಕಿಗಳ ಪಟ್ಟಿಯಾಗಿ ತೋರುತ್ತದೆ. ಆ ಅಂಕಿಗಳಿಂದ ಅದು ದರ್ಜೆಯನ್ನು ಊಹಿಸಿ, ತಪ್ಪಿದಾಗಲೆಲ್ಲ ತನ್ನ ಲೆಕ್ಕವನ್ನು ಅಷ್ಟಷ್ಟು ತಿದ್ದಿಕೊಳ್ಳುತ್ತದೆ. ಪಟ್ಟಿಗಳನ್ನು ಹಿಡಿಯಲು ರೇಖೀಯ ಬೀಜಗಣಿತ, ಊಹೆಗೆ ಸಂಭಾವ್ಯತೆ, ತಿದ್ದುಪಡಿಗೆ ಕಲನಶಾಸ್ತ್ರ. ಇಷ್ಟನ್ನು ಅರಿಯದವನು ಇತರರು ಮಾಡಿಟ್ಟ ಯಂತ್ರವನ್ನು ಉಪಯೋಗಿಸಬಲ್ಲನೇ ಹೊರತು ತಾನು ಮಾಡಲಾರನು. ಇತ್ತ, ಗಣಿತವನ್ನು ಮಾತ್ರ ಬಲ್ಲವನಿಗೆ ಎಲೆಯ ದರ್ಜೆ ತಿಳಿಯದು. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟ ತರುಣನು ಗಣಿತವನ್ನೂ ಕಲಿತನೆಂದರೆ, ಅವನ ಹಿಂದಿನ ಅನುಭವವು ನಷ್ಟವಲ್ಲ, ಬಂಡವಾಳ.

ಇದಕ್ಕೆ ಕಾಲ ಬೇಕು. ಮರೆತ ಗಣಿತವನ್ನು ಮತ್ತೆ ಹಿಡಿಯಲು, ಉದ್ಯೋಗ ಬಿಡದೆ ಓದುವವನಿಗೆ, ಒಂದು ವರ್ಷವಾದರೂ ಹಿಡಿಯುತ್ತದೆಂಬುದು ನಮ್ಮ ಅಂದಾಜು. ಮೂರು ತಿಂಗಳಲ್ಲಿ ಪಂಡಿತನನ್ನಾಗಿ ಮಾಡಿ ದೊಡ್ಡ ಸಂಬಳ ಕೊಡಿಸುವೆವೆಂದು ಲಕ್ಷಗಟ್ಟಲೆ ಕೇಳುವವರ ಮಾತಿಗೆ ಮರುಳಾಗಬಾರದು. ಐ.ಐ.ಟಿ. ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳ ಅಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್. ಮೂಲಕ ಉಚಿತವಾಗಿ ದೊರೆಯುತ್ತಿರುವಾಗ, ಸಾಲ ಮಾಡಿ ಪ್ರಶಸ್ತಿಪತ್ರವನ್ನು ಕೊಳ್ಳುವುದು ಅವಿವೇಕ. ಮೊದಲು ಆ ಪಾಠಗಳಲ್ಲಿ ತನ್ನ ಶಕ್ತಿಯನ್ನು ಪರೀಕ್ಷಿಸಿಕೊಳ್ಳಲಿ. ಹಣದ ಮಾತು ಆಮೇಲೆ.

ಇದು ವ್ಯಕ್ತಿಗಳ ಹೊಟ್ಟೆಪಾಡಿನ ವಿಷಯ ಮಾತ್ರವಲ್ಲ. ನೆರೆಯ ಚಾಮರಾಜನಗರ ಜಿಲ್ಲೆಯ ಹಳ್ಳಿಗರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಯಂತ್ರಗಳಿಗೆ ಕಲಿಸಲು ಅವರ ಧ್ವನಿಯನ್ನು ಸಂಗ್ರಹಿಸಿ, ಕಾರ್ಯ ಎಂಬ ಸಂಸ್ಥೆಯು ಒಳ್ಳೆಯ ಕೂಲಿಯನ್ನೇ ಕೊಟ್ಟ ಸಂಗತಿ 2023ರಲ್ಲಿ ಪ್ರಕಟವಾಯಿತು. ಸಂತೋಷ. ಆದರೆ ಧ್ವನಿ ಕೊಡುವವರು ಮಾತ್ರ ನಮ್ಮವರಾಗಿ, ಯಂತ್ರ ಕಟ್ಟುವವರೆಲ್ಲ ಹೊರಗಿನವರಾಗಿಯೇ ಉಳಿಯಬೇಕೇ? ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ನುಡಿಯನ್ನು ಯಂತ್ರಕ್ಕೆ ಕಲಿಸತಕ್ಕವರು ಆ ನುಡಿಯನ್ನು ಕೇಳಿ ಬೆಳೆದವರಲ್ಲದೆ ಮತ್ತಾರು?

ಈ ನಾಲ್ಕು ಊರುಗಳಲ್ಲಿಯೂ ಸರ್ಕಾರದ ಪ್ರಥಮದರ್ಜೆ ಕಾಲೇಜುಗಳಿವೆ. ಸಂಜೆಯ ಹೊತ್ತು ಅವುಗಳ ಕೊಠಡಿಗಳಲ್ಲಿ, ವಾರಕ್ಕೆ ಮೂರು ದಿನ, ಕನ್ನಡದಲ್ಲಿಯೇ ಗಣಿತದ ಸೇತುಪಾಠಗಳನ್ನು ನಡೆಸಲು ದೊಡ್ಡ ವೆಚ್ಚವೇನೂ ಬೇಕಿಲ್ಲ. 1916ರಿಂದ ಈ ಸೀಮೆಗೆ ವಿದ್ಯೆ ಹಂಚುತ್ತ ಬಂದ ಮೈಸೂರು ವಿಶ್ವವಿದ್ಯಾನಿಲಯವೂ, ಮುಕ್ತ ವಿಶ್ವವಿದ್ಯಾನಿಲಯವೂ ಇದಕ್ಕೆ ಕೈಹಾಕಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಅಧಿಕಾರಿಗಳು ಮನಸ್ಸು ಮಾಡುವವರೆಗೂ ತರುಣರು ಕಾಯಬೇಕಾದುದಿಲ್ಲ. ಅಟ್ಟದ ಮೇಲಿಟ್ಟ ಗಣಿತದ ಪುಸ್ತಕವನ್ನು ಈ ರಾತ್ರಿಯೇ ಕೆಳಗಿಳಿಸಲಿ.