ಹೃತ್ಕರ್ಣ ಕಂಪನ: ಅಬ್ಲೇಷನ್ ಚಿಕಿತ್ಸೆಯ ನಂತರ ಪಾಲಿಸಬೇಕಾದ ಕ್ರಮಗಳು ಮತ್ತು ಲಭ್ಯವಿರುವ ಸೌಲಭ್ಯಗಳು

ಹೃದಯದ ಬಡಿತದ ಲಯ ತಪ್ಪುವ ಕಾಯಿಲೆಗಳಲ್ಲಿ ಹೃತ್ಕರ್ಣ ಕಂಪನವು ಪ್ರಮುಖವಾದುದು. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುತ್ತಾರೆ. ಈ ಕಾಯಿಲೆಗೆ ಅಬ್ಲೇಷನ್ ಚಿಕಿತ್ಸೆ ಪಡೆದು ಊರಿಗೆ ಮರಳಿದ ರೋಗಿಗಳು ಹಾಗೂ ಅವರ ಕುಟುಂಬದವರು ತಿಳಿದಿರಬೇಕಾದ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗಗಳ ಮಸೂತಿಯಂತಹ ಗ್ರಾಮಗಳಿಂದ ಬೆಂಗಳೂರು ಬಹಳ ದೂರದಲ್ಲಿದೆ. ಚಿಕಿತ್ಸೆ ನೀಡಿದ ವೈದ್ಯರನ್ನು ಪದೇ ಪದೇ ಕಾಣುವುದು ಇಂತಹ ಗ್ರಾಮಗಳ ರೋಗಿಗಳಿಗೆ ಸುಲಭವಲ್ಲ. ಆದುದರಿಂದ ಮನೆಯಲ್ಲಿ ವಹಿಸುವ ಎಚ್ಚರಿಕೆಯೂ ಚಿಕಿತ್ಸೆಯ ಒಂದು ಭಾಗವೇ ಆಗಿರುತ್ತದೆ.

ಮುಖ್ಯ ಸೂಚನೆ: ಅಬ್ಲೇಷನ್ ಚಿಕಿತ್ಸೆಯು ಬಡಿತದ ಲಯವನ್ನು ಸರಿಪಡಿಸುತ್ತದೆ. ಪಾರ್ಶ್ವವಾಯುವಿನ ಅಪಾಯವು ಅದರೊಡನೆಯೇ ಮುಗಿಯಿತೆಂದು ಭಾವಿಸತಕ್ಕದ್ದಲ್ಲ. ಬಡಿತ ಸರಿಯಾಯಿತೆಂಬ ಕಾರಣಕ್ಕೆ ರೋಗಿಯು ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸಬಾರದು.

ಕಾಯಿಲೆಯ ಸ್ವರೂಪ

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಆರೋಗ್ಯವಂತರಲ್ಲಿ ಇವು ಕ್ರಮಬದ್ಧವಾಗಿ ಸಂಕುಚಿಸಿ ರಕ್ತವನ್ನು ಕೆಳಗಿನ ಕೋಣೆಗಳಿಗೆ ದೂಡುತ್ತವೆ. ಹೃತ್ಕರ್ಣ ಕಂಪನದಲ್ಲಿ ಇವು ಸಂಕುಚಿಸದೆ ಬರಿದೆ ನಡುಗುತ್ತವೆ. ನಾಡಿಯು ಅಡ್ಡಾದಿಡ್ಡಿಯಾಗುತ್ತದೆ. ಎದೆಬಡಿತ, ಆಯಾಸ, ಏದುಸಿರು ಮತ್ತು ತಲೆಸುತ್ತು ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ.

ಎಡ ಹೃತ್ಕರ್ಣದಲ್ಲಿ ರಕ್ತವು ನಿಂತಂತಾದಾಗ, ಅದಕ್ಕೆ ಅಂಟಿಕೊಂಡಿರುವ ಸಣ್ಣ ಚೀಲದಂತಹ ಭಾಗದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿರುತ್ತದೆ. ಆ ಹೆಪ್ಪು ಮೆದುಳಿನ ರಕ್ತನಾಳವನ್ನು ಸೇರಿದರೆ ಪಾರ್ಶ್ವವಾಯು, ಅಂದರೆ ಲಕ್ವ, ಉಂಟಾಗುತ್ತದೆ. ಈ ಕಾಯಿಲೆ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಸುಮಾರು 5 ಪಟ್ಟು ಹೆಚ್ಚೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನವು 1991ರಲ್ಲಿ ತೋರಿಸಿತು.

ಅಬ್ಲೇಷನ್ ಎಂದರೇನು?

ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಬುಡದಿಂದ ಹೊರಡುವ ಅಕ್ರಮ ವಿದ್ಯುತ್ ಸಂಕೇತಗಳೇ ಅನೇಕರಲ್ಲಿ ಈ ಕಂಪನಕ್ಕೆ ಕಾರಣವೆಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಮಿಶೆಲ್ ಹೈಸಾಗೇರ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದರು. ಇಂದಿನ ಚಿಕಿತ್ಸೆಯು ಇದನ್ನೇ ಆಧರಿಸಿದೆ. ತೊಡೆಸಂದಿನ ಅಭಿಧಮನಿಯ ಮೂಲಕ ತೆಳುವಾದ ನಳಿಕೆಯನ್ನು ಹೃದಯಕ್ಕೆ ಸೇರಿಸಿ, ಆ ಬುಡಗಳ ಸುತ್ತಲಿನ ಅಂಗಾಂಶವನ್ನು ಶಾಖದಿಂದ, ಅತಿಶೀತದಿಂದ ಅಥವಾ ಇತ್ತೀಚಿನ ವಿಧಾನದಂತೆ ವಿದ್ಯುತ್ ಸ್ಪಂದನಗಳಿಂದ ನಿಷ್ಕ್ರಿಯಗೊಳಿಸಲಾಗುತ್ತದೆ. ಅಲ್ಲಿ ಮೂಡುವ ಕಲೆಯು ಅಕ್ರಮ ಸಂಕೇತಗಳಿಗೆ ತಡೆಗೋಡೆಯಾಗುತ್ತದೆ.

ಮೊದಲ ವಾರ

1. ತೊಡೆಸಂದಿನ ಗಾಯವು ಮಾಗುವವರೆಗೆ ನೀರಿನ ಕೊಡ, ಮೇವಿನ ಹೊರೆ, ಗೊಬ್ಬರದ ಚೀಲ ಮುಂತಾದ ಭಾರ ಎತ್ತಬಾರದು. ಟ್ರ್ಯಾಕ್ಟರ್ ಅಥವಾ ದ್ವಿಚಕ್ರ ವಾಹನ ನಡೆಸುವುದು ಹಾಗೂ ಹೊಲದ ಕೆಲಸಕ್ಕೆ ಮರಳುವುದು ವೈದ್ಯರು ತಿಳಿಸಿದ ದಿನದಿಂದ ಮಾತ್ರ.
2. ಗಾಯದ ಸುತ್ತ ನೀಲಿಗಟ್ಟುವುದು ಸಾಮಾನ್ಯ. ಗಂಟು ಬೆಳೆಯುತ್ತಿದ್ದರೆ ಅಥವಾ ರಕ್ತ ಒಸರುತ್ತಿದ್ದರೆ ಮಲಗಿಸಿ, ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಸಾಗಿಸತಕ್ಕದ್ದು.
3. ತೀವ್ರ ಎದೆನೋವು, ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ 108ಕ್ಕೆ ಕರೆಮಾಡುವುದು.

ಎರಡು ತಿಂಗಳವರೆಗೆ ಜ್ವರವನ್ನು ಕಡೆಗಣಿಸಬಾರದು

ಎಡ ಹೃತ್ಕರ್ಣದ ಹಿಂಬದಿಗೆ ಅನ್ನನಾಳವು ತಾಗಿಕೊಂಡಿರುತ್ತದೆ. ಶಾಖ ಅಥವಾ ಶೀತದ ಚಿಕಿತ್ಸೆಯಿಂದ ಅತಿ ಅಪರೂಪವಾಗಿ ಅನ್ನನಾಳಕ್ಕೆ ಪೆಟ್ಟಾಗಿ, ಅದಕ್ಕೂ ಹೃದಯಕ್ಕೂ ನಡುವೆ ರಂಧ್ರವುಂಟಾಗಬಹುದು. 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ 5,53,729 ಚಿಕಿತ್ಸೆಗಳ ಪೈಕಿ 138 ರೋಗಿಗಳಲ್ಲಿ ಇದು ಕಂಡುಬಂದಿತು. ಅಂದರೆ 1 ಲಕ್ಷಕ್ಕೆ ಸುಮಾರು 25. ಆದರೆ ಅವರಲ್ಲಿ ಮೂವರಲ್ಲಿ ಸುಮಾರು ಇಬ್ಬರು ಬದುಕುಳಿಯಲಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ಎರಡು–ಮೂರು ವಾರಗಳ ನಂತರ, ರೋಗಿಯು ಮನೆಯಲ್ಲಿರುವಾಗಲೇ ತೋರುತ್ತವೆ.

ಈ ಅವಧಿಯಲ್ಲಿ ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ ಅಥವಾ ಪಾರ್ಶ್ವವಾಯುವಿನ ಲಕ್ಷಣ ಕಂಡುಬಂದಲ್ಲಿ ವಿಷಮಶೀತ ಜ್ವರವೆಂದೋ ಆಮ್ಲಪಿತ್ತವೆಂದೋ ಭಾವಿಸಿ ಊರಿನಲ್ಲಿಯೇ ಚಿಕಿತ್ಸೆ ಪಡೆಯುತ್ತಾ ದಿನ ಕಳೆಯಬಾರದು. ಅಬ್ಲೇಷನ್ ಆಗಿರುವ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸತಕ್ಕದ್ದು. ಇಂತಹ ಸಂದರ್ಭದಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಅಗತ್ಯವಾಗುತ್ತದೆ, ಗಂಟಲಿನ ಮೂಲಕ ಮಾಡುವ ಎಂಡೋಸ್ಕೋಪಿಯು ಅಪಾಯವನ್ನು ಹೆಚ್ಚಿಸಬಹುದು. ಬಿಡುಗಡೆ ಪತ್ರವನ್ನು ತೋರಿಸಿದಲ್ಲಿ ವೈದ್ಯರಿಗೆ ಈ ಅಂಶವನ್ನು ಗಮನಿಸಲು ಅನುಕೂಲವಾಗುತ್ತದೆ.

ಬಡಿತ ಮತ್ತೆ ತಪ್ಪಿದಲ್ಲಿ

ಚಿಕಿತ್ಸೆಯ ನಂತರದ ಮೊದಲ ಎರಡು–ಮೂರು ತಿಂಗಳಲ್ಲಿ ಕಂಪನವು ಮರುಕಳಿಸುವುದುಂಟು. ಚಿಕಿತ್ಸೆಯಾದ ಭಾಗದ ಉರಿಯೂತವು ಇದಕ್ಕೆ ಒಂದು ಕಾರಣವಾಗಿದ್ದು, ಇದರಿಂದಲೇ ಚಿಕಿತ್ಸೆ ವಿಫಲವಾಯಿತೆಂದು ತೀರ್ಮಾನಿಸಲಾಗುವುದಿಲ್ಲ. ಆ ಅವಧಿಯ ನಂತರವೂ ಮುಂದುವರಿದಲ್ಲಿ ಔಷಧ ಬದಲಾಯಿಸಲಾಗುತ್ತದೆ. ಕೆಲವರಿಗೆ ಎರಡನೆಯ ಬಾರಿ ಅಬ್ಲೇಷನ್ ಬೇಕಾಗುತ್ತದೆ.

ನಾಡಿ ನೋಡುವ ಕ್ರಮವನ್ನು ರೋಗಿ ಅಥವಾ ಮನೆಯ ಒಬ್ಬರು ಕಲಿತಿರುವುದು ಉಪಯುಕ್ತ. ಐದು ನಿಮಿಷ ವಿಶ್ರಾಂತಿಯ ನಂತರ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ಣ 1 ನಿಮಿಷ ಎಣಿಸತಕ್ಕದ್ದು. ಸಂಖ್ಯೆಯಷ್ಟೇ ಅಲ್ಲದೆ ಬಡಿತಗಳ ನಡುವಿನ ಅಂತರವು ಸಮನಾಗಿದೆಯೇ ಎಂಬುದನ್ನೂ ಗಮನಿಸುವುದು. ದಿನಾಂಕ, ವೇಳೆ ಮತ್ತು ಸಂಖ್ಯೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಡುವುದು. ಲಯ ತಪ್ಪಿದೆಯೆಂದು ತೋರಿದಾಗ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಕಂಪನ ನಿಂತ ಮೇಲೆ ತೆಗೆದ ಇ.ಸಿ.ಜಿ.ಯಲ್ಲಿ ಅದು ಕಾಣುವುದಿಲ್ಲವಾದ್ದರಿಂದ, ತೊಂದರೆ ಇರುವಾಗಲೇ ಮಾಡಿಸಿದ್ದು ವೈದ್ಯರಿಗೆ ಹೆಚ್ಚು ಉಪಯುಕ್ತ.

ಹೆಪ್ಪುನಿರೋಧಕ ಮಾತ್ರೆ

ರೂಢಿಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಎಂದು ಕರೆಯುವುದು ಇದನ್ನೇ. ಅಬ್ಲೇಷನ್ ನಂತರ ಎಲ್ಲ ರೋಗಿಗಳೂ ಕನಿಷ್ಠ ಎರಡರಿಂದ ಮೂರು ತಿಂಗಳು ಇದನ್ನು ಸೇವಿಸಬೇಕಾಗುತ್ತದೆ. ಆನಂತರ ಮುಂದುವರಿಸಬೇಕೇ ಎಂಬುದನ್ನು ಮುಖ್ಯವಾಗಿ ರೋಗಿಯ ಇತರ ಅಪಾಯಗಳನ್ನು ಲೆಕ್ಕಹಾಕಿ ನಿರ್ಧರಿಸಲಾಗುತ್ತದೆ. ವೈದ್ಯರು ಬಳಸುವ ಅಂಕಪಟ್ಟಿಯ ಪ್ರಮುಖ ಅಂಶಗಳು ಹೀಗಿವೆ:

- ಹೃದಯ ವೈಫಲ್ಯ, ಅಧಿಕ ರಕ್ತದೊತ್ತಡ, ಮಧುಮೇಹ, ರಕ್ತನಾಳಗಳ ಕಾಯಿಲೆ: ತಲಾ 1 ಅಂಕ
- ವಯಸ್ಸು 65ರಿಂದ 74: 1 ಅಂಕ
- ವಯಸ್ಸು 75 ಅಥವಾ ಹೆಚ್ಚು: 2 ಅಂಕ
- ಹಿಂದೆ ಪಾರ್ಶ್ವವಾಯು ಆಗಿದ್ದಲ್ಲಿ: 2 ಅಂಕ

ಇವುಗಳಲ್ಲಿ 2 ಅಥವಾ ಹೆಚ್ಚು ಅಂಕ ಪಡೆದವರಿಗೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸಲು ಸಲಹೆ ನೀಡಲಾಗುತ್ತದೆ. ಉದಾಹರಣೆಗೆ, 67 ವರ್ಷದ, ರಕ್ತದೊತ್ತಡವಿರುವ ರೈತರೊಬ್ಬರಿಗೆ 2 ಅಂಕಗಳಾಗುತ್ತವೆ. ಅವರ ನಾಡಿ ಸರಿಯಾಗಿದ್ದರೂ ಈ ಅಂಕಗಳು ಬದಲಾಗುವುದಿಲ್ಲ.

2025ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದರಲ್ಲಿ, ಅಬ್ಲೇಷನ್ ನಂತರ ಕನಿಷ್ಠ ಒಂದು ವರ್ಷ ಕಂಪನ ಮರುಕಳಿಸದ 840 ರೋಗಿಗಳನ್ನು ಪರಿಶೀಲಿಸಲಾಯಿತು. ಮಾತ್ರೆ ನಿಲ್ಲಿಸಿದವರಲ್ಲಿ ಪಾರ್ಶ್ವವಾಯು ಹೆಚ್ಚಲಿಲ್ಲ, ರಕ್ತಸ್ರಾವವು ಕಡಿಮೆಯಾಯಿತು. ಆದುದರಿಂದ ಕೆಲವರಲ್ಲಿ ಮಾತ್ರೆ ನಿಲ್ಲಿಸಲು ಅವಕಾಶವಿದೆ. ಆದರೆ ಅವರನ್ನು ಇ.ಸಿ.ಜಿ. ದಾಖಲೆಗಳೊಂದಿಗೆ ಆಯ್ಕೆ ಮಾಡಲಾಗಿತ್ತು ಎಂಬುದನ್ನು ಗಮನಿಸತಕ್ಕದ್ದು. ಲಕ್ಷಣವಿಲ್ಲದೆ ಮರುಕಳಿಸುವ ಕಂಪನವು ರೋಗಿಯ ಅರಿವಿಗೆ ಬರುವುದಿಲ್ಲ. ನಿಲ್ಲಿಸುವ ತೀರ್ಮಾನವು ಹೃದ್ರೋಗ ತಜ್ಞರದ್ದೇ ಆಗಿರಬೇಕು.

ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟವು ಕಿರಿದಾದವರಿಗೆ ಮೇಲಿನ ಅಂಕಪಟ್ಟಿ ಅನ್ವಯಿಸುವುದಿಲ್ಲ. ಅವರಿಗೆ ವಾರ್ಫರಿನ್ ಅಥವಾ ಅಸೆನೊಕುಮರಾಲ್ ವರ್ಗದ ಮಾತ್ರೆಯೇ ಸೂಕ್ತ. ಭಾರತವೂ ಸೇರಿದಂತೆ 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಮಾತ್ರೆಯಾದ ರಿವರೊಕ್ಸಬಾನ್‌ಗಿಂತ ಹಳೆಯ ವರ್ಗದ ಮಾತ್ರೆಗಳಿಂದಲೇ ಸಾವುಗಳು ಕಡಿಮೆಯೆಂದು ಕಂಡುಬಂದಿತು. ಅನುಕೂಲಕ್ಕಾಗಿ ಒಂದರ ಬದಲು ಮತ್ತೊಂದನ್ನು ಅಂಗಡಿಯಿಂದ ಪಡೆಯಬಾರದು.

ಮಾತ್ರೆ ಸೇವಿಸುವವರು ಗಮನಿಸಬೇಕಾದ ಅಂಶಗಳು

1. ವಾರ್ಫರಿನ್ ವರ್ಗದ ಮಾತ್ರೆಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಅಗತ್ಯ. ಹೃತ್ಕರ್ಣ ಕಂಪನದಲ್ಲಿ ಸಾಮಾನ್ಯವಾಗಿ ಇದು 2ರಿಂದ 3ರ ನಡುವೆ ಇರಬೇಕು.
2. ಮೆಂತ್ಯೆ, ಪಾಲಕ್, ಹಕ್ಕರಕಿ ಮುಂತಾದ ಹಸಿರು ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ. ರೊಟ್ಟಿಯೊಡನೆ ಪಲ್ಯ ಬಿಡಬೇಕಾಗಿಲ್ಲ. ಪ್ರತಿ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೇವಿಸಿದರೆ ಸಾಕು.
3. ರಿವರೊಕ್ಸಬಾನ್ ಮಾತ್ರೆಯನ್ನು ಊಟದೊಂದಿಗೆ ಸೇವಿಸತಕ್ಕದ್ದು. ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಸೇವಿಸಬಾರದು.
4. ಒಂದು ಹೊತ್ತು ತಪ್ಪಿದಲ್ಲಿ ಮುಂದಿನ ಹೊತ್ತಿಗೆ ಎರಡು ಪಟ್ಟು ಸೇವಿಸಬಾರದು. ಶ್ರಾವಣದ ಉಪವಾಸ ಅಥವಾ ರಂಜಾನ್ ರೋಜಾ ಆಚರಿಸುವವರು ಮಾತ್ರೆಯ ವೇಳೆಯನ್ನು ವೈದ್ಯರಿಂದ ಮೊದಲೇ ನಿಗದಿಪಡಿಸಿಕೊಳ್ಳತಕ್ಕದ್ದು.
5. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವುಗಳನ್ನು ಸ್ವಂತವಾಗಿ ಸೇವಿಸಬಾರದು. ಸ್ನಾಯುವಿಗೆ ಚುಚ್ಚುಮದ್ದು ನೀಡುವ ಮುನ್ನ ಹಾಗೂ ಹಲ್ಲು ಕೀಳಿಸುವ ಮುನ್ನ ಮಾತ್ರೆಯ ವಿಷಯ ತಿಳಿಸಬೇಕು.
6. ಕಪ್ಪು ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ರಕ್ತಸ್ರಾವ ಅಥವಾ ತಲೆಗೆ ಪೆಟ್ಟು ಬಿದ್ದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮುಖ ಓರೆಯಾಗುವುದು, ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ನೀಡಲಾಗುತ್ತದೆ. ಲಕ್ಷಣ ಆರಂಭವಾದ ವೇಳೆ ಹಾಗೂ ಕೊನೆಯ ಮಾತ್ರೆ ಸೇವಿಸಿದ ವೇಳೆ, ಇವೆರಡನ್ನೂ ವೈದ್ಯರಿಗೆ ತಿಳಿಸಬೇಕು.

ಜೀವನಕ್ರಮ

ರಕ್ತದೊತ್ತಡ ಮತ್ತು ಮಧುಮೇಹದ ಹತೋಟಿ, ತೂಕ ಇಳಿಕೆ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ಚಿಕಿತ್ಸೆ, ತಂಬಾಕು ಮತ್ತು ಮದ್ಯ ತ್ಯಜಿಸುವುದು ಕಂಪನ ಮರುಕಳಿಸದಂತೆ ನೆರವಾಗುತ್ತವೆ. ಆಸ್ಟ್ರೇಲಿಯಾದಲ್ಲಿ ನಡೆದ 2015ರ ಅಧ್ಯಯನವೊಂದರಲ್ಲಿ, ಶೇ. 10 ಅಥವಾ ಹೆಚ್ಚು ತೂಕ ಇಳಿಸಿದ ಸ್ಥೂಲಕಾಯದ ರೋಗಿಗಳು ಕಂಪನರಹಿತರಾಗಿ ಉಳಿಯುವ ಸಂಭವವು ಸುಮಾರು 6 ಪಟ್ಟು ಹೆಚ್ಚಾಗಿತ್ತು. ಅದೇ ದೇಶದ 2020ರ ಅಧ್ಯಯನದಲ್ಲಿ, ಮದ್ಯಪಾನ ತ್ಯಜಿಸಿದವರಲ್ಲಿ ಶೇ. 53ರಷ್ಟು ಹಾಗೂ ಮುಂದುವರಿಸಿದವರಲ್ಲಿ ಶೇ. 73ರಷ್ಟು ಮಂದಿಗೆ ಕಂಪನ ಮರುಕಳಿಸಿತು. ನಡಿಗೆ ಉತ್ತಮ ವ್ಯಾಯಾಮ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ದೇಹದ ನೀರಿನಂಶ ಕುಂದದಂತೆ ನೋಡಿಕೊಳ್ಳಬೇಕು.

ಸೌಲಭ್ಯಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ. ಮಿತಿಗೊಳಪಟ್ಟು ಭರಿಸಲಾಗುತ್ತದೆ. ತುರ್ತು ಅಲ್ಲದ ವಿಶೇಷ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು. ಮರು ಅಬ್ಲೇಷನ್ ಅಥವಾ ಪರೀಕ್ಷೆಗೆ ಅನ್ವಯಿಸುವ ಪ್ಯಾಕೇಜನ್ನು, ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು.

ಮಾತ್ರೆಗಳ ಖರ್ಚು ದೀರ್ಘಕಾಲದ್ದು. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ವಾರ್ಫರಿನ್ ಹಾಗೂ ಡಾಬಿಗಟ್ರಾನ್ ಸೇರಿವೆ. ಸರ್ಕಾರಿ ಆಸ್ಪತ್ರೆಯ ಔಷಧಾಲಯ ಅಥವಾ ಜನೌಷಧಿ ಕೇಂದ್ರದಲ್ಲಿ ಲಭ್ಯತೆಯನ್ನು ವಿಚಾರಿಸಿ, ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಪಡೆಯುವುದು ಸೂಕ್ತ.

ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ಬೆಂಗಳೂರು, ಮೈಸೂರು ಮತ್ತು ಕಲಬುರಗಿಯಲ್ಲಿದೆ. ಕಲಬುರಗಿಯ 371 ಹಾಸಿಗೆಗಳ ಹೊಸ ಆಸ್ಪತ್ರೆಯು ಡಿಸೆಂಬರ್ 2024ರಲ್ಲಿ ಉದ್ಘಾಟನೆಗೊಂಡಿತು. ವಿಜಯಪುರದಿಂದ ಸುಮಾರು 160 ಕಿ.ಮೀ. ದೂರದಲ್ಲಿರುವ ಈ ಆಸ್ಪತ್ರೆಯಲ್ಲಿ ಅನುಸರಣಾ ತಪಾಸಣೆ ಮುಂದುವರಿಸಬಹುದೇ ಎಂದು ಚಿಕಿತ್ಸೆ ನೀಡಿದ ವೈದ್ಯರನ್ನು ಕೇಳಬಹುದು.

ತಪಾಸಣೆಗೆ ಹೋಗುವಾಗ ಒಯ್ಯಬೇಕಾದ ದಾಖಲೆಗಳು

1. ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ಅಬ್ಲೇಷನ್ ವರದಿ
2. ಹಿಂದಿನ ಎಲ್ಲ ಇ.ಸಿ.ಜಿ. ಪ್ರತಿಗಳು
3. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಹಾಳೆಗಳು
4. ನಾಡಿ, ರಕ್ತದೊತ್ತಡ ಹಾಗೂ ಐ.ಎನ್.ಆರ್. ಬರೆದಿಟ್ಟ ನೋಟ್‌ಪುಸ್ತಕ
5. ಆಧಾರ್ ಮತ್ತು ಪಡಿತರ ಚೀಟಿ

ಹೆಚ್ಚಿನ ಮಾಹಿತಿಗಾಗಿ ಗ್ರಾಮದ ಆಶಾ ಕಾರ್ಯಕರ್ತೆಯರನ್ನು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆಮಾಡತಕ್ಕದ್ದು. ಈ ಮಾಹಿತಿಯು ವೈದ್ಯರ ಸಲಹೆಗೆ ಪೂರಕವೇ ಹೊರತು ಪರ್ಯಾಯವಲ್ಲ.